ಅವ್ವನ ಕಾಲಿಗೂ ಬೀದರ ಕೋಟೆ ನಿಲುಕಲಿ: ಸಂಸದರಿಗೆ ಒಂದು ಬಹಿರಂಗ ಪತ್ರ

ಬೀದರ ಲೋಕಸಭಾ ಕ್ಷೇತ್ರದ ಸನ್ಮಾನ್ಯ ಸಂಸದರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ಇದೇ ಜಿಲ್ಲೆಯ ಪ್ರೌಢಶಾಲಾ ಶಿಕ್ಷಕಿ. ಪ್ರತಿ ವರ್ಷ ಶಾಲೆಯ ಮಕ್ಕಳನ್ನು ಬೀದರ ಕೋಟೆಗೆ ಕರೆದುಕೊಂಡು ಹೋಗುತ್ತೇನೆ. ಆದರೆ ಭಾಲ್ಕಿ ತಾಲೂಕಿನ ಹಳ್ಳಿಯಲ್ಲಿ ಎಪ್ಪತ್ತೆರಡು ವರ್ಷ ಬಾಳಿದ ನನ್ನ ಅವ್ವ ಆ ಕೋಟೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇ ಹೊರತು ಒಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಕಳೆದ ಎಳ್ಳ ಅಮಾವಾಸ್ಯೆಯ ಮರುದಿನ, ಹೊಲದಲ್ಲಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಉಳಿದ ಸಜ್ಜಿರೊಟ್ಟಿ, ಭಜ್ಜಿಗಳನ್ನು ಬುತ್ತಿ ಕಟ್ಟಿಕೊಂಡು ನಾನೂ ಅವಳೂ ಬೀದರಿಗೆ ಹೋದೆವು. ಆ ದಿನ ಕಂಡದ್ದನ್ನು ತಮ್ಮ ಮುಂದಿಡಲು ಈ ಪತ್ರ. ಸ್ಮಾರಕಗಳು ಕೇಂದ್ರ ಸರಕಾರದ ರಕ್ಷಣೆಯಲ್ಲಿರುವುದರಿಂದ ದೆಹಲಿಯಲ್ಲಿ ನಮ್ಮ ಮಾತನ್ನು ಮುಟ್ಟಿಸಬಲ್ಲವರು ತಾವೇ ಎಂದು ನಂಬಿ ಬರೆಯುತ್ತಿದ್ದೇನೆ.

ಮೊದಲು ಮಹಮೂದ್ ಗವಾನ್ ಮದರಸಾಕ್ಕೆ ಹೋದೆವು. 1472ರಲ್ಲಿ ಕಟ್ಟಿದ ಆ ವಿದ್ಯಾಲಯದ ಮುಂಭಾಗದ ಒಂದು ಪಾಲು ಹದಿನೇಳನೆಯ ಶತಮಾನದ ಕೊನೆಯಲ್ಲಿ ಸಿಡಿಮದ್ದಿನ ಸ್ಫೋಟಕ್ಕೆ ಕುಸಿದುಹೋಗಿ, ಉಳಿದ ಒಂದೇ ಮಿನಾರಿನ ಮೇಲೆ ನೀಲಿ, ಹಸಿರು, ಬಿಳಿ ಹೆಂಚುಗಳು ಅಲ್ಲಲ್ಲಿ ಮಾತ್ರ ಹಿಡಿದುಕೊಂಡಿವೆ. ಮಕ್ಕಳಿಗೆ ಅದನ್ನು ತೋರಿಸುವಾಗ ನಾನು ಇರಾನಿನ ಗಿಲಾನ್ ಪ್ರಾಂತ್ಯದಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಗವಾನನ ಕಥೆಯಿಂದಲೇ ಆರಂಭಿಸುತ್ತೇನೆ. ಅವ್ವ ಆ ಕಥೆಗೆ ಕಾಯಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದು ಮಿನಾರಿನ ಮೇಲಿನ ಅಂಕುಡೊಂಕಾದ ಪಟ್ಟಿಗಳನ್ನು ಬಹಳ ಹೊತ್ತು ನೋಡಿ, "ಕೌದಿ ಹೊಲದಂಗ ಹೊಲದಾರ ನೋಡವ್ವಾ, ಸಾಲ ಒಂದೂ ತಪ್ಪಿಲ್ಲ" ಅಂದಳು. ಜೀವಮಾನವೆಲ್ಲ ಹಳೆಯ ಸೀರೆಗಳಿಂದ ಕೌದಿ ಹೊಲಿದವಳ ಕಣ್ಣು ಅದು. ಇಷ್ಟು ವರ್ಷ ಪಾಠ ಹೇಳಿದರೂ ಆ ಸಾಲುಗಳು ಎಲ್ಲಿ ತಿರುಗುತ್ತವೆ, ಎಲ್ಲಿ ಕೂಡುತ್ತವೆ ಎಂದು ನಾನು ಒಮ್ಮೆಯೂ ಗಮನಿಸಿರಲಿಲ್ಲ.

ಕೋಟೆಯಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಷರಜಾ ದರವಾಜೆಯ ಮೇಲಿನ ಎರಡು ಹುಲಿಗಳನ್ನು ನೋಡಿ, ಕಲ್ಲುಹಾಸಿನ ಮೇಲೆ ಕೋಲೂರಿಕೊಂಡು ಗುಂಬದ್ ದರವಾಜೆಯವರೆಗೆ ಬರುವಷ್ಟರಲ್ಲಿ ಅವ್ವನ ಮೊಣಕಾಲು ಸೋತಿದ್ದವು. ಆಯಾಸ ಮರೆಸಲೆಂದು, ಈ ಕೋಟೆ ಕಟ್ಟಿಸಿದವನು ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಬಹಮನಿ ಸುಲ್ತಾನ ಅಹ್ಮದ್ ಶಾಹ ಎಂದು ಹೇಳಿದೆ. ಅವಳಿಗೆ ಆ ಹೆಸರು ತಿಳಿಯಲಿಲ್ಲ. "ಅಷ್ಟೂರ ದೇವರು ಅವ್ವಾ, ಅವರೇ" ಅಂದೆ. ಅಷ್ಟೂರಿನಲ್ಲಿರುವ ಅಹ್ಮದ್ ಶಾಹ ವಲಿಯ ಗೋರಿಗೆ ಮುಸಲ್ಮಾನರು ವಲಿ, ಅಂದರೆ ಸಂತನೆಂದೂ ಲಿಂಗಾಯತರು ಅಲ್ಲಮಪ್ರಭುವೆಂದೂ ನಡೆದುಕೊಳ್ಳುತ್ತಾರೆಂಬುದು ತಮಗೆ ತಿಳಿದದ್ದೇ. ಅವ್ವ ಸಣ್ಣವಳಿದ್ದಾಗ ಅಪ್ಪನ ಹೆಗಲೇರಿ ಅಲ್ಲಿನ ಉರುಸಿಗೆ ಹೋದವಳು. ನನ್ನ ಮಾತು ಮುಗಿಯುವುದರೊಳಗೆ ಅವಳು ಚಪ್ಪಲಿಯನ್ನು ಗೋಡೆಯ ಬದಿಗೆ ಕಳಚಿಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು, ಬಾಗಿಲ ಬುಡದ ಕಲ್ಲನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಅದೇ ಕಲ್ಲಿನ ಪಕ್ಕದಲ್ಲಿ ಕುಳಿತುಬಿಟ್ಟಳು. ಅರ್ಧ ಗಂಟೆಯ ನಂತರ ರಂಗೀನ್ ಮಹಲಿನ ಹೊರಗೋಡೆಯವರೆಗೆ, ಅಲ್ಲಿಂದ ಸೋಲಾ ಖಂಬ ಮಸೀದಿಯ ಕಡೆಗೆ ನಾಲ್ಕು ಹೆಜ್ಜೆ. ಅಷ್ಟೇ ಸಾಧ್ಯವಾಯಿತು. ರಂಗೀನ್ ಮಹಲಿನೊಳಗೆ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ, ಬಹಮನಿಗಳ ನಂತರ ಆಳಿದ ಬರೀದ ಶಾಹಿ ಅರಸರ ಕಾಲದ ಕುಸುರಿಯನ್ನು ನೋಡಲು ಮೆಟ್ಟಿಲು ಹತ್ತಬೇಕಿತ್ತು. ಉದಯಿಸುವ ಸೂರ್ಯನನ್ನು ಹೊತ್ತ ಹುಲಿಯ ಚಿತ್ರವಿರುವ ತಖ್ತ್ ಮಹಲ್ ಇನ್ನೂ ದೂರವಿತ್ತು.

ಯಾರನ್ನೂ ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಜಂಬಿಟ್ಟಿಗೆ ಬಂಡೆಯನ್ನೇ ಕಡಿದು ಮೂರು ಸುತ್ತಿನ ಕಂದಕ ಮಾಡಿದ ಆ ಕೋಟೆ ಶತ್ರುವಿನ ಕಾಲು ಸೋಲಲೆಂದೇ ಕಟ್ಟಿದ್ದು. ಅಲ್ಲಿ ಇವತ್ತು ನಮ್ಮ ತಾಯಂದಿರ ಕಾಲು ಸೋಲಬಾರದು ಎಂಬುದಷ್ಟೇ ನನ್ನ ಬೇಡಿಕೆ. ಹಂಪಿಯಲ್ಲಿ ವಿಜಯ ವಿಠ್ಠಲ ದೇವಾಲಯಕ್ಕೆ ಬ್ಯಾಟರಿ ಗಾಡಿಗಳಲ್ಲಿ ಹೋಗಬಹುದು, ಅವುಗಳನ್ನು ಓಡಿಸುವ ಹೆಣ್ಣುಮಕ್ಕಳನ್ನೂ ನಾನು ನೋಡಿದ್ದೇನೆ. ಅಂಥ ಎರಡು ಗಾಡಿಗಳು ಷರಜಾ ದರವಾಜೆಯ ಒಳಗಿನಿಂದ ತಖ್ತ್ ಮಹಲಿನವರೆಗೆ ಓಡಾಡಿದರೆ ನಮ್ಮ ಜಿಲ್ಲೆಯ ಎಷ್ಟೋ ಹಿರಿಯರು ಕೋಟೆಯನ್ನು ಪೂರ್ತಿ ನೋಡಿಯಾರು. ಗಾಡಿ ಹೋಗದ ಕಡೆ ನೂರು ಹೆಜ್ಜೆಗೊಂದು ನೆರಳಿನ ಆಸನ ಬೇಕು. ನೆಲ ಅಗೆಯದೆ, ಗೋಡೆಗೆ ಮೊಳೆ ಹೊಡೆಯದೆ ಇಡಬಹುದಾದ, ಬೇಕೆಂದಾಗ ಎತ್ತಿ ಸರಿಸಬಹುದಾದ ಕಟ್ಟಿಗೆಯ ಆಸನಗಳೂ ಇಳಿಜಾರು ಹಲಗೆಗಳೂ ಸಾಕು. ಹಳೆಯ ಕಟ್ಟಡಕ್ಕೆ ಧಕ್ಕೆಯಾಗುತ್ತದೆ ಎಂಬ ಆಕ್ಷೇಪ ಬಂದರೆ ಅದನ್ನು ನಾನು ಗೌರವಿಸುತ್ತೇನೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಇಲ್ಲದಿದ್ದರೆ ಇಷ್ಟು ಕಲ್ಲೂ ಉಳಿಯುತ್ತಿರಲಿಲ್ಲವೇನೋ. ಆದರೆ ಸಾರ್ವಜನಿಕ ಕಟ್ಟಡಗಳು ಅಂಗವಿಕಲರಿಗೂ ಪ್ರವೇಶಯೋಗ್ಯವಾಗಿರಬೇಕೆಂದು 2016ರ ಕಾಯ್ದೆಯೂ ಹೇಳುತ್ತದೆ. ಕಲ್ಲಿಗೆ ನೋವಾಗದಂತೆ ಈ ಎರಡನ್ನೂ ಪಾಲಿಸುವ ದಾರಿಯನ್ನು ಪುರಾತತ್ವದ ತಜ್ಞರೇ ತೋರಿಸಬಲ್ಲರು, ತಾವು ಕೇಳಿದರೆ.

ಇನ್ನೊಂದು ಮಾತು. ಫಲಕದ ಮೇಲೆ ಇಸವಿ, ವಂಶ, ಅರಸನ ಹೆಸರು ಬರೆಯಬಹುದು. ಅಹ್ಮದ್ ಶಾಹನೇ ಅಷ್ಟೂರ ದೇವರೆಂದು ಅವ್ವನಿಗೆ ತಿಳಿಸಲು ಬಾಯಿಮಾತೇ ಬೇಕಾಯಿತು. ಬೀದರಿನ ಕಾಲೇಜುಗಳಲ್ಲಿ ಇತಿಹಾಸ ಓದುವ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು, ಗುರುತಿನ ಚೀಟಿ ಕೊಟ್ಟು, ನಮ್ಮ ಕಡೆಯ ಕನ್ನಡದಲ್ಲಿ, ದಖನಿ ಉರ್ದುವಿನಲ್ಲಿ, ಹಿರಿಯರ ನಡಿಗೆಗೆ ತಕ್ಕಂತೆ ನಿಧಾನವಾಗಿ ಕೋಟೆ ತೋರಿಸುವ ಕೆಲಸವನ್ನು ಅವರಿಗೆ ಒಪ್ಪಿಸಬೇಕೆಂದು ಕೋರುತ್ತೇನೆ. ಸಭೆ ಸಮಾರಂಭಗಳಲ್ಲಿ ಗಣ್ಯರಿಗೆ ನಾವು ಬಿದರಿ ಕುಸುರಿಯ ಕಪ್ಪು ಲೋಹದ ಕಾಣಿಕೆ ಕೊಡುತ್ತೇವೆ. ಆ ಕಪ್ಪು ಬಣ್ಣ ಮೂಡುವುದು ಇದೇ ಕೋಟೆಯ ಮಣ್ಣಿನಿಂದ. ಅದನ್ನು ಕೈಗೆತ್ತಿಕೊಂಡಾಗಲೆಲ್ಲ ಕೋಟೆಯ ಬಾಗಿಲಲ್ಲಿ ಕುಳಿತುಬಿಡುವ ಹಿರಿಯರನ್ನೂ ತಾವು ನೆನೆಯಬೇಕು.

ದಖನ್ ಸುಲ್ತಾನರ ಸ್ಮಾರಕಗಳ ಸಾಲಿನಲ್ಲಿ ಬೀದರವು 2014ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿದೆ. ವಿಶ್ವ ಪರಂಪರೆಯ ಮಾನ್ಯತೆ ಬರಲಿ ಎಂದು ನಾವೆಲ್ಲ ಹಾರೈಸುತ್ತೇವೆ. ದೂರದ ದೇಶಗಳ ಪ್ರವಾಸಿಗರಿಗಾಗಿ ಏನೇನು ಸಿದ್ಧತೆ ನಡೆಯಲಿದೆಯೋ ಅದರಲ್ಲಿ ಮೊದಲ ಪಾಲು ಔರಾದ, ಹುಮನಾಬಾದ, ಬಸವಕಲ್ಯಾಣ, ಭಾಲ್ಕಿಯ ಹಳ್ಳಿಗಳಿಂದ ಬರುವ ಮುದುಕ ಮುದುಕಿಯರಿಗೆ ಸಿಗಲಿ.

ಬುತ್ತಿ ಬಿಚ್ಚಿ ಉಣ್ಣುವಾಗ ಅವ್ವ ತಖ್ತ್ ಮಹಲಿನ ದಿಕ್ಕಿಗೆ ಕೈ ತೋರಿಸಿ, "ಆ ಹುಲಿ ಇನ್ನೊಮ್ಮಿ ಬಂದಾಗ ನೋಡೋಣ" ಅಂದಳು. ಮುಂದಿನ ಎಳ್ಳ ಅಮಾವಾಸ್ಯೆಗೆ ಅವಳನ್ನು ಮತ್ತೆ ಕರೆತರುತ್ತೇನೆ. ಅಷ್ಟರೊಳಗೆ ಒಂದು ಗಾಡಿಯಾದರೂ ಷರಜಾ ದರವಾಜೆಯ ಒಳಗೆ ಬಂದು ನಿಂತಿರುವಂತೆ ತಾವು ಮಾಡಬೇಕೆಂದು ವಿನಂತಿಸುತ್ತೇನೆ.

ಇಂತಿ,
ತಮ್ಮ ಕ್ಷೇತ್ರದ ಮತದಾರಳಾದ ಒಬ್ಬ ಶಿಕ್ಷಕಿ
ಬೀದರ ಜಿಲ್ಲೆ