ಸೇವೆಗೆ ಹೋದವರು ಮೊದಲು ಊರಿನ ರೀತಿ ತಿಳಿಯಲಿ

ಮಾನ್ಯ ಸಂಪಾದಕರೇ,

ಪೆಸಿಫಿಕ್ ಸಾಗರದ ಸಮೋವಾ ದ್ವೀಪದಲ್ಲಿ ಸೇವೆಯಲ್ಲಿರುವ ಅಮೆರಿಕದ ಯುವ ಮಿಷನರಿಯೊಬ್ಬನ ಒಂದು ವಾರದ ದಿನಚರಿಯನ್ನು ತಮ್ಮ ಭಾನುವಾರದ ಪುರವಣಿಯಲ್ಲಿ ಓದಿದೆ. ಮತಪ್ರಚಾರಕ್ಕೆ ಹೋದವನ ಕಥೆ ನಮಗೇಕೆ ಎಂದು ನನ್ನ ಗೆಳೆಯರಲ್ಲಿ ಕೆಲವರು ಮೂಗು ಮುರಿದರು. ಆ ಹುಡುಗ ಅಲ್ಲಿಗೆ ಹೋಗಿರುವುದು ಮತಪ್ರಚಾರಕ್ಕೇ ಎಂಬುದನ್ನು ಲೇಖನವೇನೂ ಮುಚ್ಚಿಟ್ಟಿಲ್ಲ. ಆ ಉದ್ದೇಶದ ಪರವಾಗಿ ವಕಾಲತ್ತು ವಹಿಸುವುದು ನನ್ನ ಕೆಲಸವೂ ಅಲ್ಲ. ಆದರೆ ಚಿತ್ರದುರ್ಗ ಜಿಲ್ಲೆಯಲ್ಲಿ ಬಹುಕಾಲ ಕಾಲೇಜು ವಿದ್ಯಾರ್ಥಿಗಳ ರಾಷ್ಟ್ರೀಯ ಸೇವಾ ಯೋಜನೆಯ (ಎನ್ನೆಸ್ಸೆಸ್) ಶಿಬಿರಗಳ ಹೊಣೆ ಹೊತ್ತಿದ್ದವನಿಗೆ, ನಮ್ಮ ಶಿಬಿರಗಳಲ್ಲಿ ಕಾಣದ ಒಂದು ಅಂಶ ಆ ದಿನಚರಿಯಲ್ಲಿ ಕಂಡದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಜನ ಮಾರ್ಮನ್ನರು ಎಂದು ಕರೆಯುವ ಲ್ಯಾಟರ್ ಡೇ ಸೇಂಟ್ಸ್ ಚರ್ಚಿನ ಹುಡುಗರು ಎರಡು ವರ್ಷ, ಹುಡುಗಿಯರು ಒಂದೂವರೆ ವರ್ಷ ಹೀಗೆ ಮನೆ ಬಿಟ್ಟು ಹೋಗುತ್ತಾರೆ. ಸಂಬಳವಿಲ್ಲ, ಖರ್ಚಿನ ಬಹುಪಾಲನ್ನು ಅವರು ಅಥವಾ ಅವರ ಮನೆಯವರೇ ಭರಿಸಬೇಕು. ಯಾವ ದೇಶಕ್ಕೆ ಹೋಗಬೇಕೆಂಬುದು ಅವರ ಆಯ್ಕೆಯಲ್ಲ. ಬೇರೆ ಭಾಷೆಯ ನೆಲಕ್ಕೆ ಹೋಗುವವರಿಗೆ ಹೊರಡುವ ಮುನ್ನ ಕೆಲವು ವಾರ ಆ ಭಾಷೆಯ ಪಾಠ ನಡೆಯುತ್ತದೆ. ಅಲ್ಲಿ ಸದಾ ಇಬ್ಬಿಬ್ಬರಾಗಿಯೇ ಓಡಾಡಬೇಕು. ವಾರದಲ್ಲಿ ಒಂದು ದಿನ ಮಾತ್ರ ಬಟ್ಟೆ ಒಗೆಯಲು, ಸಾಮಾನು ತರಲು, ಮನೆಗೆ ಬರೆಯಲು ಬಿಡುವು.

ಆ ಹುಡುಗನ ವಾರದಲ್ಲಿ ಕೆಸುವಿನ ತೋಟದ ಕಳೆ ಕಿತ್ತದ್ದು, ಮುದುಕಿಯೊಬ್ಬಳಿಗೆ ತೆಂಗಿನಕಾಯಿ ಹೊತ್ತು ತಂದುಕೊಟ್ಟದ್ದು ಇತ್ಯಾದಿಗಳಿವೆ. ಅವು ಸಾಧಾರಣ ಕೆಲಸಗಳು. ನನ್ನ ಗಮನ ಸೆಳೆದದ್ದು ಅವನು ಅಲ್ಲಿನ ರೀತಿನೀತಿಗಳ ಬಗ್ಗೆ ಬರೆದ ಭಾಗ. ಸಮೋವಾದ ಹಳ್ಳಿಗಳಲ್ಲಿ ಮುಸ್ಸಂಜೆಗೆ ಶಂಖವನ್ನೋ ಗಂಟೆಯನ್ನೋ ಕೇಳಿದೊಡನೆ ಎಲ್ಲರೂ ಮನೆ ಸೇರಿ ಪ್ರಾರ್ಥನೆಗೆ ಕೂರುತ್ತಾರೆ. ಆ ಹೊತ್ತಿನಲ್ಲಿ ಯಾರೂ ಬೀದಿಯಲ್ಲಿ ತಿರುಗಾಡದಂತೆ ಊರಿನ ಯುವಕರೇ ರಸ್ತೆಯಲ್ಲಿ ನಿಂತು ನೋಡಿಕೊಳ್ಳುತ್ತಾರೆ. ಪರಸ್ಥಳದವನಿಗೂ ವಿನಾಯಿತಿಯಿಲ್ಲ. ಗೋಡೆಯಿಲ್ಲದ, ಕಂಬಗಳ ಮೇಲೆ ನಿಂತ ಮನೆಯೊಳಗೆ ಹೋದವನು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿಯೇ ಕೂರಬೇಕು, ಯಾರ ಕಡೆಗೂ ಕಾಲು ಚಾಚಬಾರದು. ಕುಳಿತ ಹಿರಿಯರ ಮುಂದೆ ಹಾದು ಹೋಗುವಾಗ ಬೆನ್ನು ಬಾಗಿಸಿ, ಕ್ಷಮೆ ಕೇಳುತ್ತಾ ಹೋಗಬೇಕು. ಆ ಹುಡುಗ ಹೋದ ಹೊಸದರಲ್ಲಿ ಕೆಲಸಕ್ಕಿಂತ ಮೊದಲು ಕಲಿತದ್ದು ಇದನ್ನು. ಇದನ್ನು ಕಲಿತ ಮೇಲಷ್ಟೇ ಯಾರ ತೋಟದಲ್ಲಿ ಕೈ ಸಾಲದು, ಯಾರ ಮನೆಯಲ್ಲಿ ದುಡಿಯುವವರಿಲ್ಲ ಎಂಬುದನ್ನು ಊರಿನವರು ತಾವಾಗಿ ಅವನಿಗೆ ಹೇಳತೊಡಗಿದರಂತೆ.

ನಮ್ಮ ಎನ್ನೆಸ್ಸೆಸ್ ಆರಂಭವಾದದ್ದು ಗಾಂಧೀಜಿಯ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ. ಸ್ವಯಂಸೇವಕನೊಬ್ಬ ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು, ಜೊತೆಗೆ ದತ್ತು ಗ್ರಾಮದಲ್ಲಿ ಏಳು ದಿನದ ವಿಶೇಷ ಶಿಬಿರದಲ್ಲಿ ಇರಬೇಕು. ಯೋಜನೆಯಲ್ಲಿ ದೋಷವಿಲ್ಲ. ಆದರೆ ಶಿಬಿರಗಳು ನಡೆಯುವ ಬಗೆ ನೋಡಿ. ಶಾಲಾ ಕಟ್ಟಡದಲ್ಲಿ ಬಿಡಾರ, ಪೇಟೆಯಿಂದ ಬಂದ ಅಡುಗೆಯವರು, ಬೆಳಿಗ್ಗೆ ಬ್ಯಾನರ್ ಹಿಡಿದು ಜಾಥಾ, ಮಧ್ಯಾಹ್ನ ಉಪನ್ಯಾಸ, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ, ನಡುವೆ ಎರಡು ಗಂಟೆ ಶ್ರಮದಾನ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಗುಂಡಿ ತೋಡಿ ನೆಟ್ಟ ಸಸಿಗೆ ಎಂಟನೆಯ ದಿನ ನೀರು ಹಾಕುವವರು ಯಾರು ಎಂದು ಯಾರೂ ಕೇಳುವುದಿಲ್ಲ. ಫೋಟೊ ಮಾತ್ರ ವರದಿಯ ಜೊತೆ ಸಲ್ಲಿಕೆಯಾಗುತ್ತದೆ.

ನಿವೃತ್ತನಾದ ಮೇಲೆ ಚಳ್ಳಕೆರೆ ತಾಲ್ಲೂಕಿನಲ್ಲಿ ದನ ಸಾಕುವ ಮ್ಯಾಸಬೇಡ ಸಮುದಾಯದ ಹಟ್ಟಿಯೊಂದರಲ್ಲಿ ನಡೆದ ಶಿಬಿರಕ್ಕೆ ಅತಿಥಿಯಾಗಿ ಹೋಗಿದ್ದೆ. ಕೊನೆಯ ರಾತ್ರಿ ಕೋಳಿಸಾರು ಮಾಡೋಣವೆಂದು ಹುಡುಗರಿಬ್ಬರು ಪಕ್ಕದ ಊರಿನಿಂದ ಬೈಕಿನ ಹ್ಯಾಂಡಲಿಗೆ ಕೋಳಿ ತೂಗುಹಾಕಿಕೊಂಡು ಬಂದರು. ಹಟ್ಟಿಯ ಬಾಯಲ್ಲೇ ಅಜ್ಜರೊಬ್ಬರು ಬೈಕಿಗೆ ಅಡ್ಡ ನಿಂತು, ದನಿ ಏರಿಸದೆ, ‘ಒಳೀಕೆ ತರಬ್ಯಾಡ್ರಪ್ಪಾ, ನಮ್ಮ ಹಟ್ಟಿಗೆ ಕೋಳಿ ಬರಂಗಿಲ್ಲ’ ಎಂದರು. ಮ್ಯಾಸಬೇಡರು ಕೋಳಿ ತಿನ್ನುವುದಿಲ್ಲ, ಹಟ್ಟಿಯೊಳಗೆ ಬಿಟ್ಟುಕೊಳ್ಳುವುದೂ ಇಲ್ಲ ಎಂಬುದು ಈ ಸೀಮೆಯಲ್ಲಿ ತಿಳಿಯದ ವಿಷಯವೇನಲ್ಲ. ಅಷ್ಟು ದಿನ ಅಲ್ಲೇ ಉಂಡು ಮಲಗಿದ್ದ ಹುಡುಗರಿಗೆ ಅದು ತಿಳಿದಿರಲಿಲ್ಲ, ಏಕೆಂದರೆ ಹೇಳಬಲ್ಲವರ ಜಗುಲಿಯಲ್ಲಿ ಅವರು ಒಮ್ಮೆಯೂ ಕೂತಿರಲಿಲ್ಲ. ಕೂತಿದ್ದರೆ ಇನ್ನೊಂದು ಸಂಗತಿಯೂ ತಿಳಿಯುತ್ತಿತ್ತು. ಆ ಜನ ನೇಗಿಲಿಗೆ ಹೂಡದೆ ಸಾಕುವ ದೇವರ ಎತ್ತುಗಳಿವೆ, ಅವನ್ನು ಮೇಯಿಸುವ ಕಿಲಾರಿಗಳಿದ್ದಾರೆ, ಬೇಸಿಗೆ ಬಂತೆಂದರೆ ಆ ದನಗಳಿಗೆ ಮೇವಿಲ್ಲ. ಆ ಹಟ್ಟಿಗೆ ಬೇಕಾಗಿದ್ದ ಸೇವೆ ಒಂದು ಗಾಡಿ ಮೇವು ಹೊಂದಿಸಿಕೊಡುವುದಾಗಿತ್ತು. ಅವರಿಗೆ ಸಿಕ್ಕಿದ್ದು ಪ್ಲಾಸ್ಟಿಕ್ ಕುರಿತ ಬೀದಿ ನಾಟಕ.

ರೂಢಿಯನ್ನು ಗೌರವಿಸುವುದೆಂದರೆ ಎಲ್ಲದಕ್ಕೂ ಹೂಂಗುಟ್ಟುವುದೇ ಎಂದು ಯಾರಾದರೂ ಕೇಳಬಹುದು. ಖಂಡಿತ ಅಲ್ಲ. ಮುಟ್ಟಾದ ಹೆಣ್ಣುಮಕ್ಕಳನ್ನು, ಹಸಿ ಬಾಣಂತಿಯರನ್ನು ಊರ ಹೊರಗಿನ ಗುಡಿಸಿಲಿನಲ್ಲಿ ಇರಿಸುವ ಪದ್ಧತಿ ಕಾಡುಗೊಲ್ಲರ ಕೆಲವು ಹಟ್ಟಿಗಳಿಂದ ಇನ್ನೂ ಪೂರ್ತಿ ತೊಲಗಿಲ್ಲ. ಅದನ್ನು ಕಂಡು ಸುಮ್ಮನಿರುವುದು ಗೌರವವಲ್ಲ, ಹೊಣೆಗೇಡಿತನ. ಊಟಕ್ಕೆ ಮನೆಮನೆಗೆ ಹಂಚಿಹೋಗುವ ಪ್ರಶ್ನೆ ಬಂದಾಗ ಯಾವ ಹುಡುಗ ಯಾವ ಕೇರಿಗೆ ಎಂಬ ಮಾತು ಏಳುವುದನ್ನೂ ನಾನು ಬಲ್ಲೆ. ಆದರೆ ನಿನ್ನೆ ಬಂದು ನಾಳೆ ಹೋಗುವವರ ಭಾಷಣಕ್ಕೆ ಇವುಗಳಲ್ಲಿ ಯಾವುದೂ ಅಲುಗಿಲ್ಲ. ಆ ಹಟ್ಟಿಯದೇ ಹೆಣ್ಣುಮಕ್ಕಳ ಜೊತೆ ಕೂತು ಕೇಳಿದ ಆಶಾ ಕಾರ್ಯಕರ್ತೆಯ ಮಾತಿಗೆ ಅಷ್ಟಿಷ್ಟು ಅಲುಗಿರುವುದುಂಟು.

ಪರದೇಶದವರಿಂದ ಪಾಠವೇ ಎಂದು ಬೇಸರಿಸುವವರು ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಒಮ್ಮೆ ಹೋಗಿಬರಲಿ. ಅಲ್ಲಿನ ಬಂಡೆಯ ಮೇಲಿನ ಅಶೋಕನ ಶಾಸನವೂ ಹೊರಗಿನಿಂದ ಬಂದ ಧರ್ಮದ ಸಂದೇಶವೇ. ತಂದೆತಾಯಿಗಳ ಮಾತು ಕೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ತಕ್ಕಂತೆ ನಡೆದುಕೊಳ್ಳಬೇಕು ಎಂದು ಹೇಳಿ, ಇದು ಪುರಾತನ ರೀತಿ ಎಂದು ಆ ಶಾಸನ ಸೇರಿಸುತ್ತದೆ. ಹೊಸದನ್ನು ಹೇಳಹೊರಟ ಚಕ್ರವರ್ತಿಯೂ ಜನರ ಹಳೆಯ ನಡೆಯನ್ನು ಆಧಾರವಾಗಿ ಹಿಡಿದ. 1892ರಲ್ಲಿ ಆ ಶಾಸನವನ್ನು ಬೆಳಕಿಗೆ ತಂದ ಬಿ.ಎಲ್. ರೈಸ್ ಅವರು ಲಂಡನ್ ಮಿಷನ್ನಿನ ಪಾದ್ರಿಯೊಬ್ಬರ ಮಗ, ಬೆಂಗಳೂರಿನಲ್ಲೇ ಹುಟ್ಟಿದವರು ಎಂಬುದನ್ನೂ ಪ್ರಾಸಂಗಿಕವಾಗಿ ಹೇಳಬಹುದು.

ದಾವಣಗೆರೆ ಮತ್ತು ಚಿತ್ರದುರ್ಗ, ಎರಡೂ ಜಿಲ್ಲೆಗಳ ಪದವಿ ಕಾಲೇಜುಗಳು ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುವುದರಿಂದ, ಬದಲಾವಣೆಯನ್ನು ಇಲ್ಲಿಂದಲೇ ಆರಂಭಿಸುವುದು ಕಷ್ಟವಲ್ಲ. ಶಿಬಿರದ ಮೊದಲ ದಿನ ಉದ್ಘಾಟನಾ ಭಾಷಣಗಳನ್ನು ಕೈಬಿಟ್ಟು, ಊರಿನ ಹಿರಿಯ ಹೆಂಗಸರೂ ಗಂಡಸರೂ ಮಾತಾಡಲಿ, ವಿದ್ಯಾರ್ಥಿಗಳು ಕೇಳಲಿ. ಏನು ಕೆಲಸ ಮಾಡಬೇಕೆಂಬುದು ಆ ದಿನದ ಮಾತಿನ ನಂತರವೇ ತೀರ್ಮಾನವಾಗಲಿ. ಅಡುಗೆಯ ಕೆಲಸ ಊರಿನ ಸ್ತ್ರೀಶಕ್ತಿ ಸಂಘಕ್ಕೆ ಸಿಗಲಿ. ಹಣವೂ ಊರಿನಲ್ಲೇ ಉಳಿಯುತ್ತದೆ. ಕೊನೆಯ ದಿನ ಪ್ರತಿಯೊಬ್ಬ ಸ್ವಯಂಸೇವಕನೂ ಆ ವಾರ ತಾನು ಕಂಡದ್ದನ್ನು ತನ್ನ ಮನೆಯವರಿಗೆ ಪತ್ರವಾಗಿ ಬರೆಯಲಿ, ಅದರ ಪ್ರತಿಯೊಂದು ಮುಂದಿನ ವರ್ಷ ಅದೇ ಊರಿಗೆ ಹೋಗುವ ತಂಡಕ್ಕೆ ಸಿಗುವಂತಾಗಲಿ. ಪ್ರಮಾಣಪತ್ರಕ್ಕೆ ಸಹಿ ಹಾಕುವ ಮುನ್ನ ಕಾರ್ಯಕ್ರಮಾಧಿಕಾರಿಗಳು ಫೋಟೊಗಳ ಬದಲು ಆ ಪತ್ರಗಳನ್ನು ಕೇಳಿ ಓದಬೇಕೆಂದು ನನ್ನ ವಿನಂತಿ.

ಇಂತಿ ತಮ್ಮ ಓದುಗ,
ನಿವೃತ್ತ ಉಪನ್ಯಾಸಕ, ಚಿತ್ರದುರ್ಗ