ಕೈಯಲ್ಲಿ ಹಿಡಿಯದ ಕಾರ್ಡಿನ ಕುರಿತು

ಕುವೆಂಪುನಗರ, ಮೈಸೂರು

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸಮಾಚಾರವನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ನಿನ್ನ ಪತ್ರದ ಕೊನೆಯಲ್ಲಿದ್ದ ಮಾತು ಮಾತ್ರ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಆ ನೆಟ್‌ವರ್ಕ್ ಕಾರ್ಡನ್ನು ನೀನು ಕಣ್ಣಾರೆ ಕಂಡೇ ಇಲ್ಲ, ಆದರೂ ಅದನ್ನು ನಡೆಸುವ ಕೋಡ್ ಆದ ಡ್ರೈವರ್ ಓದಿ, ಪರಿಶೀಲಿಸಿದವಳೆಂದು ‘ರಿವ್ಯೂಡ್-ಬೈ’ ಸಾಲಿನಲ್ಲಿ ಹೆಸರು ಹಾಕಿದ್ದೀಯೆ, ನಾಳೆ ಅದರಿಂದ ಯಾರದೋ ಯಂತ್ರ ನಿಂತರೆ ಏನು ಗತಿ ಎಂದು ಬರೆದಿದ್ದೀಯೆ. ಈ ಕೆಲಸವನ್ನೇ ಬಿಟ್ಟುಬಿಡಲೇ ಎಂದೂ ಕೇಳಿದ್ದೀಯೆ.

ಹೆದರಬೇಡ ಎಂದು ನಾನು ಹೇಳುವುದಿಲ್ಲ. ಸಾಮಾನ್ಯ ಪ್ರೋಗ್ರಾಂ ಕೆಟ್ಟರೆ ಅದೊಂದೇ ನಿಲ್ಲುತ್ತದೆ. ಲಿನಕ್ಸ್‌ನಲ್ಲಿ ಡ್ರೈವರ್, ಇಡೀ ಯಂತ್ರವನ್ನು ಆಳುವ ತಿರುಳಾದ ಕರ್ನಲ್‌ನ ಒಳಗೇ ಓಡುತ್ತದೆ. ಅಲ್ಲಿ ಮೆಮೊರಿಯ ಜಾಗ ತೋರಿಸುವ ಒಂದು ಪಾಯಿಂಟರ್ ತಪ್ಪಿದರೂ ಇಡೀ ಯಂತ್ರ ಮಲಗಬಹುದು. ನಿನ್ನ ಭಯಕ್ಕೆ ಆಧಾರವಿದೆ. ಆದರೆ ಕಾರ್ಡು ಕೈಯಲ್ಲಿಲ್ಲದ್ದೇ ಕೊರತೆ ಎಂದುಕೊಂಡಿದ್ದೀಯಲ್ಲ, ಅದನ್ನು ನಾನು ಒಪ್ಪುವುದಿಲ್ಲ.

ನಾನು ಕೆಲಸಕ್ಕಿದ್ದ ಕಾರ್ಖಾನೆಯಲ್ಲಿ 8085 ಪ್ರೊಸೆಸರ್‌ನ ಒಂದು ಎಣಿಕೆ ಯಂತ್ರವಿತ್ತು. ಅದಕ್ಕೆ ಕೋಡ್ ಬರೆದವನು ಮಂಡ್ಯದಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದ ಹುಡುಗ. ಯಂತ್ರ ಚೆನ್ನಾಗಿಯೇ ನಡೆಯುತ್ತಿತ್ತು. ಅಪರೂಪಕ್ಕೊಮ್ಮೆ ಮಾತ್ರ ಲೆಕ್ಕ 255ರಿಂದ 511ಕ್ಕೆ ಹಾರಿ, ಮರುಕ್ಷಣ ಮತ್ತೆ ಸರಿಯಾಗುತ್ತಿತ್ತು. ಎಣಿಕೆ ಎರಡು ಬೈಟುಗಳಲ್ಲಿತ್ತು, ಅವನ ಕೋಡ್ ಅವುಗಳನ್ನು ಒಂದಾದ ಮೇಲೊಂದರಂತೆ ಓದುತ್ತಿತ್ತು. ಕೆಳಗಿನ ಬೈಟ್ ಓದಿದಾಗ 255 ಸಿಕ್ಕಿತೆನ್ನು. ಅಷ್ಟರಲ್ಲಿ ನಡೆಯುತ್ತಿರುವ ಕೆಲಸವನ್ನು ನಡುವೆ ತಡೆಯುವ ಇಂಟರಪ್ಟ್ ಸಂಕೇತ ಬಂದು ಎಣಿಕೆ 256 ಆಯಿತು, ಅಂದರೆ ಕೆಳಗೆ ಸೊನ್ನೆ, ಮೇಲೆ ಒಂದು. ಈಗ ಮೇಲಿನ ಬೈಟ್ ಓದಿದರೆ ಒಂದು ಸಿಗುತ್ತದೆ. ಮೇಲಿನ ಬೈಟಿನ ಒಂದು ಎಂದರೆ 256, ಹಾಗಾಗಿ ಹಳೆಯ ಕೆಳಗಿನದೂ ಹೊಸ ಮೇಲಿನದೂ ಕೂಡಿ 511. ಎರಡನ್ನೂ ಒಂದೇ ಆದೇಶದಲ್ಲಿ ಓದುವ ಎಲ್‌ಎಚ್‌ಎಲ್‌ಡಿ ಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಯಂತ್ರದ ಮುಂದೆ ದಿನವಿಡೀ ಕಾದು ನಿಂತವರಿಗೆ ಇದು ಸಿಗಲಿಲ್ಲ, ಕಾಗದದ ಮೇಲೆ ಓದಿದಾಗ ಸಿಕ್ಕಿತು. ಆದರೆ ಆ ಕಾಗದ ನನ್ನ ಕೈಗೆ ಬಂದದ್ದು ಹುಡುಗನನ್ನು ಕೆಲಸದಿಂದ ತೆಗೆದು ಮನೆಗೆ ಕಳುಹಿಸಿದ ಮೇಲೆ. ಅದರ ಮೇಲೆ ಅವನದೊಂದೇ ಹೆಸರಿತ್ತು, ಓದಿದವರು ಇನ್ನೊಬ್ಬರಿರಲಿಲ್ಲ. ಇದು ನನ್ನನ್ನು ಇಂದಿಗೂ ಕೊರೆಯುತ್ತದೆ. ಇನ್ನೊಬ್ಬರು ಓದಬೇಕೆಂಬ ಪದ್ಧತಿಯೇ ನಮ್ಮಲ್ಲಿರಲಿಲ್ಲ. ನಿನಗೆ ಆ ಪದ್ಧತಿ ಸಿಕ್ಕಿದೆ, ನೀನು ಅದನ್ನು ಬಿಡುವ ಮಾತಾಡುತ್ತಿದ್ದೀಯೆ.

ನಿನ್ನ ಡ್ರೈವರ್‌ನಲ್ಲೂ ಪ್ಯಾಕೆಟ್‌ಗಳ ಎಣಿಕೆ ಇರುತ್ತದೆ. 64 ಬಿಟ್‌ನ ಸಂಖ್ಯೆಯನ್ನು 32 ಬಿಟ್ ಪ್ರೊಸೆಸರ್ ಸಾಮಾನ್ಯವಾಗಿ ಎರಡು ತುಂಡಾಗಿಯೇ ಓದುತ್ತದೆ. ಕರ್ನಲ್‌ನಲ್ಲಿ ‘ಯು64 ಸ್ಟ್ಯಾಟ್ಸ್ ಸಿಂಕ್’ ಎಂಬ ಏರ್ಪಾಡು ಇರುವುದೇ ಅದಕ್ಕಾಗಿ. ಅದನ್ನು ಬಳಸಿದ್ದಾರೆಯೇ ಎಂದು ಒಮ್ಮೆ ನೋಡು. ನಿನ್ನ ಮೇಜಿನ ಮೇಲಿನ 64 ಬಿಟ್ ಯಂತ್ರದಲ್ಲಿ ಕಾರ್ಡು ಸಿಕ್ಕಿಸಿ ವರ್ಷವಿಡೀ ಓಡಿಸಿದರೂ ಈ ದೋಷ ತಲೆ ಎತ್ತುವುದಿಲ್ಲ.

ಹೆಸರಿನ ವಿಷಯಕ್ಕೆ ಮತ್ತೆ ಬರುತ್ತೇನೆ. ಸಾಧನದ ಮೇಲೆ ಓಡಿಸಿ ನೋಡಿದವರಿಗೆ ‘ಟೆಸ್ಟೆಡ್-ಬೈ’ ಎಂಬ ಬೇರೆ ಸಾಲೇ ಇದೆ. ನೀನು ಹಾಕಿದ್ದು ಅದಲ್ಲ. ‘ರಿವ್ಯೂಡ್-ಬೈ’ ಹಾಕುವವರು ಯಾವುದಕ್ಕೆ ಒಪ್ಪುತ್ತಾರೆ ಎಂಬುದು ಕರ್ನಲ್‌ನ ದಾಖಲೆಗಳಲ್ಲೇ ಇದೆ: ಪರಿಶೀಲಿಸಿದ್ದೇನೆ, ಕಂಡ ತೊಡಕುಗಳನ್ನು ಬರೆದವರಿಗೆ ತಿಳಿಸಿದ್ದೇನೆ, ಇದು ಯೋಗ್ಯವೆಂದು ನಂಬುತ್ತೇನೆ, ಆದರೆ ಎಲ್ಲ ಸಂದರ್ಭದಲ್ಲೂ ಸರಿಯಾಗಿ ನಡೆಯುತ್ತದೆಂಬ ಖಾತರಿ ಕೊಡುವುದಿಲ್ಲ. ದಯವಿಟ್ಟು ಅದನ್ನು ಇನ್ನೊಮ್ಮೆ ಓದು. ಯಾರೂ ಕೇಳದ ಜಾಮೀನನ್ನು ನೀನಾಗಿ ಕೊಟ್ಟು ನಿದ್ದೆ ಕೆಡಿಸಿಕೊಂಡಿದ್ದೀಯೆ.

ಇನ್ನೊಂದು ಮಾತು. ನನ್ನ ತಿಳಿವಳಿಕೆ ಹಳೆಯದು, ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದರೆ ಬೇಸರಿಸಬೇಡ. ಕಾರ್ಡು ಸಿಕ್ಕಾಗ ಓಡುವ ಪ್ರೋಬ್ ಭಾಗವನ್ನು ಎಲ್ಲರೂ ಶ್ರದ್ಧೆಯಿಂದ ಓದುತ್ತಾರೆ, ನೀನು ಅದನ್ನು ತೆಗೆಯುವಾಗ ಓಡುವ ರಿಮೂವ್‌ನಿಂದ ಶುರುಮಾಡು. ಪಡೆದದ್ದನ್ನು ಕರ್ನಲ್ ತಾನಾಗಿ ಬಿಡುಗಡೆ ಮಾಡುವ ‘ಡೆವ್‌ಎಂ’ ಏರ್ಪಾಡಿನ ಮೂಲಕ ಪಡೆದ ಇಂಟರಪ್ಟ್, ರಿಮೂವ್ ಮುಗಿದ ಮೇಲಷ್ಟೇ ಬಿಡುಗಡೆಯಾಗುತ್ತದೆ. ರಿಮೂವ್‌ನ ಒಳಗೇ ದತ್ತಾಂಶ ಇಡುವ ಮೆಮೊರಿಯಾದ ಬಫರ್ ಮುಕ್ತ ಮಾಡಿಬಿಟ್ಟಿದ್ದು, ಕಾರ್ಡಿನ ಬಾಯಿ ಮುಚ್ಚಿಸದೇ ಇದ್ದರೆ, ಇಂಟರಪ್ಟ್ ಬಂದಾಗ ಅದಕ್ಕೆ ಉತ್ತರಿಸುವ ಕೋಡ್ ಆದ ಹ್ಯಾಂಡ್ಲರ್, ಈಗ ಇಲ್ಲವಾಗಿರುವ ಬಫರ್‌ಗೆ ಕೈ ಹಾಕುತ್ತದೆ. ಕಾರ್ಡನ್ನು ನಿಯಂತ್ರಿಸುವ ರಿಜಿಸ್ಟರ್‌ಗಳಲ್ಲಿ ಅರ್ಥವಾಗದ್ದು ಬಂದರೆ ಬರೆದವರನ್ನೇ ಕೇಳು, ಅವರು ಎಷ್ಟೇ ಹಿರಿಯರಾಗಿರಲಿ. ಉತ್ತರ ಬರುವವರೆಗೆ ಹೆಸರು ಹಾಕಬೇಡ. ಓದಿದ್ದು ಇಂಟರಪ್ಟ್ ಭಾಗ ಮಾತ್ರವಾಗಿದ್ದರೆ ಅಷ್ಟನ್ನೇ ಓದಿದ್ದೇನೆ ಎಂದು ಬರೆ.

ಈಗ ಹೆಸರು ಹಾಕಿದ ಪ್ಯಾಚ್‌ನ, ಅಂದರೆ ಆ ಕೋಡ್ ಬದಲಾವಣೆಯ, ರಿಮೂವ್ ಭಾಗ ಓದಿದ್ದೀಯಾ ಎಂದು ನನಗೆ ತಿಳಿಸು. ಓದಿಲ್ಲವಾದರೆ ಇವತ್ತೇ ಓದು. ಅನುಮಾನ ಬಂದರೆ ಆ ಬರೆದವರಿಗೆ ನೇರವಾಗಿ ತಿಳಿಸು, ಕೋಡ್ ಒಳಗೆ ಸೇರಿದ ಮೇಲೂ ತಿದ್ದುವ ಪ್ಯಾಚ್ ಕಳುಹಿಸಬಹುದು. ಬಿಡುವ ವಿಚಾರವನ್ನು ಆಮೇಲೆ ನನ್ನೊಡನೆ ಮಾತಾಡು.

ಇಂತಿ ನಿನ್ನ
ದೊಡ್ಡಪ್ಪ