ಚೆಂಡಿನೊಳಗೆ ಅದಕ್ಕೆ ಉಸಿರು ಹೇಗೆ?

ಮಚಿದಾ, ಟೋಕಿಯೊ
ದೀಪಾವಳಿಗೆ ಎಂಟು ದಿನ ಮೊದಲು

ತೀರ್ಥರೂಪ ಅಪ್ಪನವರಿಗೆ ನಿಮ್ಮ ಹಿರಿಯ ಮಗಳು ಮಾಡುವ ನಮಸ್ಕಾರಗಳು.

ನಾವು ಮೂವರೂ ಇಲ್ಲಿ ಕ್ಷೇಮ. ಅವ್ವನ ಮೊಣಕಾಲು ನೋವು ಹೇಗಿದೆ, ಈ ಸಲ ಮೆಣಸಿನ ಗಿಡಕ್ಕೆ ಮುಟುರು ರೋಗ ಬಂತೋ ಇಲ್ಲವೋ ಎಂದು ಬರೆಯಿರಿ. ತಮ್ಮ ಈ ಪತ್ರವನ್ನು ಅವ್ವನಿಗೂ ಓದಿ ಹೇಳಲಿ.

ಹೋದ ಭಾನುವಾರ ನಿಮ್ಮ ಮೊಮ್ಮಗಳು ಫೋನಿನಲ್ಲಿ ತನ್ನ ಪೋಕೆಮಾನ್ ಆಟವನ್ನು, ಹುಡುಗನೊಬ್ಬ ಊರೂರು ತಿರುಗಿ ಪ್ರಾಣಿಗಳನ್ನು ಚೆಂಡಿನೊಳಗೆ ಹಿಡಿಯುವ ಆ ವಿಡಿಯೊ ಆಟವನ್ನು, ತೋರಿಸುತ್ತಿದ್ದಾಗ ನೀವು ಕೇಳಿದಿರಿ: ‘ಅಷ್ಟು ದೊಡ್ಡ ಪ್ರಾಣಿಯನ್ನು ಅಷ್ಟು ಸಣ್ಣ ಚೆಂಡಿನೊಳಗೆ ಹಾಕಿದರೆ ಅದಕ್ಕೆ ಉಸಿರು ಹೇಗೆ? ಮೇವು ಯಾರು ಹಾಕುತ್ತಾರೆ? ಆ ಹುಡುಗನ ಅಪ್ಪ ಎಲ್ಲಿ?’ ಅವಳು ಉತ್ತರ ತೋಚದೆ ನನ್ನ ಮುಖ ನೋಡಿದಳು. ಅಷ್ಟರಲ್ಲಿ ಕರೆ ಕಡಿದುಹೋಯಿತು. ವಾರವೆಲ್ಲ ನಿಮ್ಮ ಆ ಮೂರು ಮಾತು ನನ್ನ ತಲೆಯಲ್ಲೇ ಸುತ್ತುತ್ತಿವೆ ಅಪ್ಪ. ಈ ಆಟವನ್ನು ಜೀವದಂತೆ ಪ್ರೀತಿಸುವವರು ದೇಶದೇಶಗಳಲ್ಲಿ ಇಷ್ಟು ವರ್ಷ ಕೇಳಿಕೊಂಡು ಬಂದಿರುವುದೂ ಇವನ್ನೇ. ಆಟ ಬಾಯಿಬಿಟ್ಟು ಹೇಳದ್ದನ್ನು ಅವರು ಅಲ್ಲೊಂದು ಇಲ್ಲೊಂದು ಸಿಕ್ಕ ಮಾತಿನ ಎಳೆ ಹಿಡಿದು ಊಹಿಸುತ್ತಾರೆ: ಆ ಲೋಕದ ಜನ ಎಂಥವರು, ಅವರ ಬದುಕು ಹೇಗೆ ನಡೆಯುತ್ತದೆ ಎಂದು.

ಇದನ್ನು ಕಲ್ಪಿಸಿದ ಸತೋಶಿ ತಾಜಿರಿ ಬೆಳೆದದ್ದು ನಾನಿರುವ ಇದೇ ಮಚಿದಾದಲ್ಲಿ. ಚಿಕ್ಕಂದಿನಲ್ಲಿ ಕೆರೆದಂಡೆ, ಗಿಡಗಂಟಿ ಅಲೆದು ಹುಳು ಹಿಡಿಯುತ್ತಿದ್ದ ಹುಡುಗ. ಊರು ಬೆಳೆಯಿತು, ಕೆರೆಕಟ್ಟೆಗಳು ಹೋದವು. 1996ರ ಫೆಬ್ರುವರಿಯಲ್ಲಿ ಬಂದ ಮೊದಲ ಆಟದಲ್ಲಿ ಇದ್ದದ್ದು 151 ಬಗೆಯ ಪ್ರಾಣಿಗಳು; ಅವಕ್ಕೂ ಪೋಕೆಮಾನ್ ಎಂದೇ ಹೆಸರು. ಸಂಜೆ ಇಲ್ಲಿನ ಕಟ್ಟಡಗಳ ನಡುವೆ ನಡೆಯುವಾಗ, ಅವನು ಕಳೆದುಕೊಂಡ ಬಯಲೇ ಆ ಆಟದಲ್ಲಿ ಪ್ರಾಣಿಗಳು ಅಡಗಿರುವ ಎತ್ತರದ ಹುಲ್ಲಾಗಿ ಬೆಳೆದಿದೆ ಎಂದು ನನಗೆ ಅನ್ನಿಸುತ್ತದೆ.

ಮೊದಲು ಹುಡುಗನ ಅಪ್ಪನ ವಿಷಯ. ಮೊದಲ ಆಟದಲ್ಲಿ ಅವನ ಸುಳಿವೇ ಇಲ್ಲ. ಹುಡುಗ ಮನೆ ಬಿಡುವಾಗ ಅವ್ವ ಹೇಳುವುದು ಇಷ್ಟೇ: ಗಂಡು ಹುಡುಗರೆಲ್ಲ ಒಂದು ದಿನ ಮನೆ ಬಿಟ್ಟು ಹೋಗುತ್ತಾರೆ, ಟಿವಿಯಲ್ಲೂ ಹಾಗೆಂದರು. ಮುಂದೆ ವರ್ಮಿಲಿಯನ್ ಎಂಬ ಬಂದರು ಊರಿನಲ್ಲಿ ಲೆಫ್ಟಿನೆಂಟ್ ಸರ್ಜ್ ಎಂಬ ಸೈನಿಕ ಸಿಗುತ್ತಾನೆ. ಯುದ್ಧದಲ್ಲಿ ತನ್ನ ಜೀವ ಉಳಿಸಿದ್ದು ಮಿಂಚಿನ ಪೋಕೆಮಾನ್‌ಗಳು ಎನ್ನುತ್ತಾನೆ. ಯಾವ ಯುದ್ಧ? ಆಟ ಹೇಳುವುದಿಲ್ಲ. ಈ ಎರಡು ಎಳೆ ಹಿಡಿದು ಅಭಿಮಾನಿಗಳು ದೊಡ್ಡ ಕಥೆಯನ್ನೇ ಹೆಣೆದಿದ್ದಾರೆ: ಇದು ಯುದ್ಧ ಮುಗಿದ ನಾಡು, ಗಂಡಸರು ಮಡಿದಿದ್ದಾರೆ, ಉಳಿದವರು ಮಕ್ಕಳು ಮತ್ತು ಮುದುಕರು, ಹಾಗಾಗಿಯೇ ಇಷ್ಟು ಚಿಕ್ಕ ಹುಡುಗ ಒಬ್ಬನೇ ಊರೂರು ತಿರುಗುತ್ತಾನೆ.

ನಾನು ಇದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಸರ್ಜ್ ಹೇಳಿದ ಯುದ್ಧ ನಡೆದದ್ದು ನಿಜ. ಆದರೆ ಮನೆಯಲ್ಲಿ ಅಪ್ಪ ಇಲ್ಲದಿದ್ದರೆ ಸತ್ತೇ ಹೋಗಿರಬೇಕೇ? ಈ ದೇಶದಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಗಂಡಸು ಒಬ್ಬನೇ ದೂರದ ಊರಿಗೆ ವರ್ಗವಾಗಿ ಹೋಗುವುದಕ್ಕೆ ‘ತನ್ಶಿನ್ ಫುನಿನ್’ ಎಂಬ ಹೆಸರೇ ಇದೆ. ನಮ್ಮ ಓಣಿಯಲ್ಲಿ ಗೋವಾಕ್ಕೆ ದುಡಿಯಲು ಹೋದವರ ಮನೆಗಳನ್ನು ನೆನೆಯಿರಿ. ಆ ಮನೆಯ ಮಕ್ಕಳ ಆಟದಲ್ಲೂ ಅಪ್ಪ ಇರಲಿಲ್ಲ.

ಇನ್ನೊಂದು ಊಹೆ ನನಗೆ ಬಹಳ ಪ್ರಿಯ. ಆ ಲೋಕದಲ್ಲಿ ಸೈಕಲ್ಲಿನ ಬೆಲೆ ಹತ್ತು ಲಕ್ಷ. ಹುಡುಗನ ಚೀಲದಲ್ಲಿ ಹಿಡಿಯುವ ಹಣ ಹೆಚ್ಚೆಂದರೆ 9,99,999. ಅಂದರೆ ದುಡ್ಡು ಕೊಟ್ಟು ಅದನ್ನು ಕೊಳ್ಳಲು ಸಾಧ್ಯವೇ ಇಲ್ಲ! ಸಿಗುವುದು ಹೇಗೆಂದರೆ, ವರ್ಮಿಲಿಯನ್‌ನಲ್ಲಿ ಪೋಕೆಮಾನ್ ಅಭಿಮಾನಿಗಳ ಸಂಘದ ಅಧ್ಯಕ್ಷನೊಬ್ಬನಿದ್ದಾನೆ. ಅವನು ತನ್ನ ರ‍್ಯಾಪಿಡಾಶ್ ಎಂಬ ಬೆಂಕಿ ಕುದುರೆಯನ್ನು ಹೊಗಳುತ್ತ ಹೋಗುತ್ತಾನೆ. ಅಷ್ಟನ್ನೂ ತಾಳ್ಮೆಯಿಂದ ಕೇಳಿದರೆ ಸೈಕಲ್ಲಿನ ಚೀಟಿ ಕೈಗಿಡುತ್ತಾನೆ. ಆಸ್ಪತ್ರೆಯಲ್ಲಿ ಪ್ರಾಣಿಗಳ ಶುಶ್ರೂಷೆಗೂ ಕಾಸು ಕೇಳುವುದಿಲ್ಲ. ಅಲ್ಲಿ ನಿಜವಾದ ಹಣವೆಂದರೆ ಪ್ರಾಣಿಯ ಮೇಲಿನ ಅಕ್ಕರೆ ಎಂದು ಕೆಲವರು ವಾದಿಸುತ್ತಾರೆ. ನಾನು ಕೂಡಲೇ ನಂಬಿದೆ. ಹೋರಿ ಹಬ್ಬದ ದಿನಗಳಲ್ಲಿ ಚಹಾದ ಅಂಗಡಿಯ ಮುಂದೆ ಕೂತು ಯಾರ ಹೋರಿ ಎಲ್ಲಿ ಹೇಗೆ ಓಡಿತು ಎಂದು ತಾಸುಗಟ್ಟಲೆ ಹೇಳುವವರ ಮಾತು ಕೇಳುತ್ತ ಬೆಳೆದವಳು ನಾನು. ಕೇಳಿಸಿಕೊಂಡವರಿಗೆ ಚಹಾ ಅವರದೇ.

ಆಟದ ಅದೇ ವರ್ಮಿಲಿಯನ್ ಊರಿನಲ್ಲಿ ಒಂದು ಖಾಲಿ ಜಾಗವಿದೆ. ಅಲ್ಲಿ ಒಬ್ಬ ಮುದುಕ, ಅವನ ಪಕ್ಕ ಮಚಾಪ್ ಎಂಬ ಗಟ್ಟಿಮುಟ್ಟಾದ ಪ್ರಾಣಿ. ಮನೆ ಕಟ್ಟಬೇಕೆಂದು ಅದು ನೆಲವನ್ನು ತುಳಿದು ತುಳಿದು ಗಟ್ಟಿ ಮಾಡುತ್ತಿದೆ, ಕಣ ಮಾಡುವಾಗ ನೀವು ಎತ್ತುಗಳನ್ನು ಸುತ್ತ ತಿರುಗಿಸುತ್ತಿದ್ದ ಹಾಗೆ. 1999ರ ಮುಂದಿನ ಆಟದಲ್ಲಿ, ಕಥೆಯ ಲೆಕ್ಕಕ್ಕೆ ಮೂರು ವರ್ಷದ ಮೇಲೆ, ಹೋಗಿ ನೋಡಿದರೆ ಮನೆ ಎದ್ದಿಲ್ಲ. ಮುದುಕನ ಬಳಿ ಹಣವಿಲ್ಲ. ಮಚಾಪ್ ಮಾತ್ರ ಇನ್ನೂ ತುಳಿಯುತ್ತಿದೆ. ಇದನ್ನು ಜೀತ ಎನ್ನುವವರಿದ್ದಾರೆ: ಕೂಲಿಯಿಲ್ಲದೆ ದುಡಿಯುವ ಪ್ರಾಣಿ, ಬೇಡ ಎನ್ನಲು ಅದಕ್ಕೆ ಬಾಯಿಲ್ಲ. ಆ ಮಾತು ನನ್ನನ್ನು ಚುಚ್ಚುತ್ತದೆ; ತಳ್ಳಿಹಾಕಲು ಆಗುವುದಿಲ್ಲ. ಆದರೂ ಹಣ ಮುಗಿದ ಮುದುಕನನ್ನು ಅದು ಬಿಟ್ಟು ಹೋಗಿಲ್ಲವಲ್ಲ ಎಂಬುದೂ ಕಣ್ಣಿಗೆ ಕಾಣುತ್ತದೆ. ಎರಡು ಬರಗಾಲದಲ್ಲಿಯೂ ನೀವು ನಮ್ಮ ಹೋರಿ ಮೈಲಾರಿಯನ್ನು ಮಾರಲಿಲ್ಲ. ಮೇವಿಗೆ ಅವ್ವನ ಬಳೆ ಹೋಯಿತು.

ಲ್ಯಾವೆಂಡರ್ ಎಂಬ ಊರಿನ ಗೋಪುರದ ಬಗ್ಗೆಯೂ ಹೇಳಬೇಕು. ಅದರ ತುಂಬ ಸತ್ತ ಪೋಕೆಮಾನ್‌ಗಳ ಸಮಾಧಿಗಳು. ಮರಿಯನ್ನು ಕಾಯಲು ಹೋಗಿ ಕಳ್ಳರ ಕೈಯಲ್ಲಿ ಸತ್ತ ಒಂದು ತಾಯಿಯ ಆತ್ಮ ಮೆಟ್ಟಿಲ ಬಳಿ ಅಡ್ಡ ನಿಲ್ಲುತ್ತದೆ. ಮುಂದಿನ ಆಟದಲ್ಲಿ ಅದೇ ಗೋಪುರ ರೇಡಿಯೊ ಕೇಂದ್ರವಾಗಿರುತ್ತದೆ! ಅಲ್ಲಿನವರು ತಮ್ಮ ಸತ್ತವರನ್ನು ಮರೆಯುತ್ತಿದ್ದಾರೆ ಎಂಬುದು ಕೆಲವರ ಊಹೆ. ಅದನ್ನು ಮೊದಲು ನೋಡಿದ ದಿನ ನನಗೆ ಸಿಟ್ಟು ಬಂದಿತ್ತು. ಮೈಲಾರಿಯನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿದಾಗ ಹಲಗೆ ಬಾರಿಸುತ್ತ ಬಂದ ಜನ, ಅವ್ವ ಹಣೆಗೆ ಹಚ್ಚಿದ ಅರಿಷಿಣ ಕುಂಕುಮ, ಕೊರಳ ಗೆಜ್ಜೆ ಬಿಚ್ಚಲು ಬಾರದೆ ನಡುಗುತ್ತಿದ್ದ ನಿಮ್ಮ ಬೆರಳು ಎಲ್ಲ ಕಣ್ಣ ಮುಂದಿವೆ. ಆ ಬದುವನ್ನು ನೇಗಿಲಿಗೆ ಕೊಡಬೇಡಿ ಎಂದು ತಮ್ಮನಿಗೆ ಹೇಳಿ.

ಇನ್ನು ಚೆಂಡು. ಆ ಪ್ರಾಣಿಗಳಿಗೆ ಮೈ ಕುಗ್ಗಿಸಿಕೊಳ್ಳುವ ಶಕ್ತಿ ಹುಟ್ಟಿನಿಂದಲೇ ಇದೆ, ಚೆಂಡು ಅದನ್ನು ಬಳಸಿಕೊಳ್ಳುತ್ತದೆ ಎಂದು 2022ರ ಆಟವೊಂದು ಹೇಳಿತು. ಮುಟ್ಟಿದರೆ ಸಾವಿರಕಾಲಿನ ಹುಳು ಸುರುಳಿ ಸುತ್ತಿಕೊಳ್ಳುವುದಿಲ್ಲವೇ, ಹಾಗೆ. ಹಾಗಾದರೆ ಉಸಿರಿಗೆ ತೊಂದರೆಯಿಲ್ಲ ಎಂದುಕೊಳ್ಳೋಣ. ಆದರೆ ನೀವು ಕೇಳಿದ್ದು ಅಷ್ಟಕ್ಕೇ ಅಲ್ಲ ಎಂದು ನನಗೆ ಗೊತ್ತು. ಅದಕ್ಕೆ ಅಲ್ಲಿರಲು ಮನಸ್ಸಿದೆಯೇ? 2010ರ ಆಟದಲ್ಲಿ ‘ಎನ್’ ಎಂಬ ಯುವಕ ಇದನ್ನೇ ಕೇಳುತ್ತಾನೆ. ಅವನಿಗೆ ಪೋಕೆಮಾನ್‌ಗಳ ಮಾತು ಕೇಳಿಸುತ್ತದೆ. ಎಲ್ಲವನ್ನೂ ಮನುಷ್ಯರಿಂದ ಬಿಡಿಸಬೇಕೆಂದು ಹೊರಡುತ್ತಾನೆ. ಕೊನೆಯಲ್ಲಿ ಆಟದ ನಾಯಕನೆದುರು ಒಪ್ಪಿಕೊಳ್ಳುತ್ತಾನೆ: ನಿನ್ನನ್ನು ಮೊದಲು ಕಂಡ ದಿನವೇ ನಿನ್ನ ಪೋಕೆಮಾನ್ ಹೇಳಿದ್ದು ಕೇಳಿ ಬೆಚ್ಚಿದೆ, ಅದು ನಿನ್ನ ಜೊತೆ ಇರಬೇಕು ಎಂದಿತು.

ಜಲ್ಲಿಕಟ್ಟು, ಕಂಬಳದ ಕಾಯಿದೆಗಳನ್ನು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಎತ್ತಿಹಿಡಿದಾಗ ಇಲ್ಲಿನ ಗೆಳತಿಯೊಬ್ಬಳು ನನ್ನನ್ನೂ ಕೇಳಿದ್ದಳು, ನಿಮ್ಮ ಹೋರಿಗೆ ಓಡಲು ಇಷ್ಟವಿತ್ತೇ ಎಂದು. ಹೋರಿ ತಿವಿದು ಮನೆಯ ದೀಪ ಆರಿದ ಊರುಗಳೂ ಇವೆ, ಅದನ್ನು ಮುಚ್ಚಿಡದೆ ಹೇಳಿದೆ. ಆಮೇಲೆ ಹೇಳಿದ್ದು ಆ ರಾತ್ರಿಯ ಕಥೆ. ಅಖಾಡ ದಾಟಿ ಓಡಿದ ಮೈಲಾರಿ ಕತ್ತಲಲ್ಲಿ ಕಾಣದಾಗಿತ್ತು. ನೀವು ಬ್ಯಾಟರಿ ಹಿಡಿದು ಊರೂರು ಹುಡುಕುತ್ತಿದ್ದಿರಿ. ಬೆಳಗಿನ ಜಾವ ಬಾಗಿಲು ತೆರೆದವಳು ನಾನು. ಅದು ಅಂಗಳದಲ್ಲಿ ನಿಂತಿತ್ತು. ಕೊರಳಲ್ಲಿ ಹರಿದ ಸರ, ಅದರಲ್ಲಿ ಒಂದೇ ಒಂದು ಕೊಬ್ಬರಿ ಬಟ್ಟಲು. ಹಗ್ಗವಿಲ್ಲ, ಹಿಂದೆ ಯಾರೂ ಇಲ್ಲ. ಕೈ ಚಾಚಿದೆ, ಬೆರಳ ಮೇಲೆ ಬಿಸಿ ಉಸಿರು ಬಿಟ್ಟಿತು.

ಒಂದು ಮಾತು ಕೇಳಲು ಇಷ್ಟು ವರ್ಷ ಧೈರ್ಯವಾಗಿರಲಿಲ್ಲ ಅಪ್ಪ. ಅಖಾಡಕ್ಕೆ ಬಿಡುವ ಮೊದಲು ನೀವು ಪ್ರತಿ ಸಲ ಅದರ ಕಿವಿಗೆ ಬಾಯಿಟ್ಟು ಏನೋ ಹೇಳುತ್ತಿದ್ದಿರಿ. ಏನು ಹೇಳುತ್ತಿದ್ದಿರಿ? ನಿಮ್ಮ ಮೊಮ್ಮಗಳೂ ಕೇಳುತ್ತಿದ್ದಾಳೆ, ತನ್ನ ಮಚಾಪ್‌ಗೆ ಅದನ್ನೇ ಹೇಳಬೇಕಂತೆ. ಫೋನಿನಲ್ಲಿ ಬೇಡ, ಬರೆದು ಕಳಿಸಿ.

ಅವ್ವನಿಗೆ ನಮಸ್ಕಾರ, ತಮ್ಮನಿಗೆ ಆಶೀರ್ವಾದ.

ನಿಮ್ಮ ಮಗಳು